ಟೇಲರ್ ಕಾಕಾ ಕಂಡ ಜಪಾನ್

ಅವರ ಬಲಗೈಯ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹುಡುಗನಾಗಿದ್ದಾಗ ಹೊಲಿಗೆ ಮಷೀನಿನ ಸೂಜಿ ಹಾದುಹೋದ ಗುರುತು. ಅದೇ ಬೆರಳಿನಿಂದ ಗಿರಾಕಿ ತಂದ ಬಟ್ಟೆ ಸವರಿ, "ಎರಡು ಸಲ ಒಗದ್ರ ಗಿಡ್ಡ ಆಗ್ತದ ನೋಡ್ರಿ ಇದು" ಎಂದು ಮುಖದ ಮೇಲೆ ಹೇಳಿಬಿಡುತ್ತಿದ್ದರು. ಹೀಗೆ ಹೇಳುವವರ ಅಂಗಡಿ ಉದ್ಧಾರವಾದೀತೇ? ಆದರೂ ನಮ್ಮ ಓಣಿಯ ಮಕ್ಕಳ ಯೂನಿಫಾರ್ಮೆಲ್ಲ ಅವರ ಕೈಯಲ್ಲೇ ಹೊಲಿದದ್ದು. ಮಾನ್ವಿಯಲ್ಲಿ ನಾವೆಲ್ಲ ಅವರನ್ನು ಟೇಲರ್ ಕಾಕಾ ಎಂದೇ ಕರೆಯುತ್ತಿದ್ದೆವು.

ನನ್ನೂರು ಹಿರೇಕೊಟ್ನೆಕಲ್. ಮಾನ್ವಿಯ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಕಾಕಾ ಅಂಗಡಿ ಪಕ್ಕದಲ್ಲೇ ಇತ್ತು. ಎರಡನೇ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವಳು ನಾನೊಬ್ಬಳೇ, ಹಾಗಾಗಿ ಅವಮಾನವೂ ನನ್ನೊಬ್ಬಳದೇ. ಮರುಪರೀಕ್ಷೆಗೆ ಕೂಡುವುದಿಲ್ಲವೆಂದು ಹಟ ಹಿಡಿದು, ಬೆಳಗಿನಿಂದ ಸಂಜೆವರೆಗೆ ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಕತೆ, ನೋಡುತ್ತ ಬಿದ್ದುಕೊಂಡೆ. ಅತ್ತೆ ಬೈದು ಸಾಕಾಗಿ, "ಸುಮ್ನ ಬಿದ್ದಿರೋದಕ್ಕಿಂತ ಹೋಗಿ ಗುಂಡಿ ಹಚ್ಚು" ಎಂದು ಕಾಕಾ ಅಂಗಡಿಗೆ ತಳ್ಳಿದಳು.

ಕಾಕಾ ಫೋನು ಕಸಿದುಕೊಳ್ಳಲಿಲ್ಲ. ಇಬ್ಬರಿಗೂ ಕಾಣುವಂತೆ ಮಷೀನಿನ ಮೇಲೆ ನಿಲ್ಲಿಸು ಎಂದರು. ಗೋಡೆಯಲ್ಲಿದ್ದ ಬುದ್ಧನ ಪಟ ತೋರಿಸಿ, "ಅವರೂ ನಮ್ಮ ಬುದ್ಧನ ಮಂದಿ ಅಲ್ಲೇನು? ಹೆಂಗ ಬದಕ್ತಾರ ನೋಡಮು" ಎಂದರು. ಮಾತು ತಿಳಿಯದು, ಕತೆ ಅವರಿಗೆ ಬೇಕೂ ಇರಲಿಲ್ಲ. ಅವರು ನೋಡುತ್ತಿದ್ದದ್ದು ಬಟ್ಟೆ.

ಹಳೆಯ ಕತೆಗಳಲ್ಲಿ ಶಾಲೆಯ ಹುಡುಗರಿಗೆಲ್ಲ ಕುತ್ತಿಗೆವರೆಗೆ ಗುಂಡಿ ಹಾಕಿದ ಕರಿ ಕೋಟು. ಊರು ಕಾಯಲು ದೈತ್ಯ ಯಂತ್ರ ಏರುವವರೇ ಎಲ್ಲರೂ, ಬಿದ್ದರೆ ಬೆವರೊರೆಸಿಕೊಂಡು ಏಳುವವರೇ. "ಯುದ್ಧದಾಗ ಸೋತು ದೇಶ ಕಟ್ಟಾಕ ನಿಂತ ಮಂದಿ. ಎಲ್ಲಾರಿಗೂ ಒಂದೇ ಅಳತಿ" ಎಂದು ಕಾಕಾ ತೀರ್ಪು ಕೊಟ್ಟರು. ಆಮೇಲೆ ನನಗಿಷ್ಟವಾದ ಈಚಿನ ಕತೆಗಳನ್ನು ಹಚ್ಚಿದೆ. ಆಫೀಸಿನಲ್ಲಿ ದುಡಿದು ದುಡಿದು ಕುಸಿದು ಸತ್ತವನು ಬೇರೊಂದು ಲೋಕದಲ್ಲಿ ಹುಟ್ಟಿ ಹಾಯಾಗಿರುತ್ತಾನೆ. ಇಂಥವು ಒಂದಲ್ಲ, ಹತ್ತಾರು. ಕಾಕಾ ಕತ್ತರಿ ಕೆಳಗಿಟ್ಟರು.

"ಟೈ ಬಿಚ್ಚಾಕ ಪಾಪ ಅವಂಗ ಇನ್ನೊಂದು ಜನ್ಮ ಬೇಕಾತಲ್ಲ ಯವ್ವಾ!"

ಒಬ್ಬಳೇ ಹುಡುಗಿ ದೊಗಳೆ ಸ್ವೆಟರ್ ತೊಟ್ಟು, ಗುಡ್ಡದಲ್ಲಿ ಡೇರೆ ಹಾಕಿ, ನೂಡಲ್ಸ್ ಬೇಯಿಸಿಕೊಳ್ಳುವ ಕತೆಯೂ ಬಂತು. ಅದರಲ್ಲಿ ಏನೂ ನಡೆಯುವುದಿಲ್ಲ. ನಾನು ಮುಂದಕ್ಕೆ ಓಡಿಸಹೋದರೆ ಅವರು ಬಿಡಲಿಲ್ಲ. "ಇರಲಿ. ದಣದ ಮಂದಿಗಿ ಇಂಥಾದ್ದೇ ಬೇಕು." ಶಾಲೆಯ ಹುಡುಗಿಯೊಬ್ಬಳು ಲಂಗದ ಬದಲು ಪ್ಯಾಂಟು ಹಾಕಿದ್ದನ್ನು ಕಂಡದ್ದೂ ಅವರೇ. "ಇಗಾ, ಅಲ್ಲೀನೂ ಏನೋ ಬದಲಾಗಾಕತ್ತದ" ಎಂದು ಖುಷಿಪಟ್ಟರು.

ಇದೇ ಸಮಯವೆಂದು ನಾನು, "ನಂಗೂ ಯೂನಿಫಾರ್ಮ್ ಸಾಕಾಗ್ಯದ ಕಾಕಾ. ಕಾಲೇಜು ಬಿಟ್ಟುಬಿಡ್ತೀನಿ" ಎಂದೆ. ಅವರು ಸಿಟ್ಟಾದದ್ದನ್ನು ಅಂದೇ ಮೊದಲು ನೋಡಿದ್ದು.

"ಅವರು ಹಾಕ್ಕೊಂಡು ಹಾಕ್ಕೊಂಡು ಬ್ಯಾಸತ್ತು ಬಿಚ್ಚಾಕತ್ತಾರ. ನಮ್ಮವ್ವ ಕೂಲಿ ಮಾಡಿ ನನಗ ಒಂದೇ ಜೋಡಿ ಹೊಲಿಸಿದ್ಲು. ಅದನ್ನ ಹಾಕ್ಕೊಂಡ ದಿನ ಸಾಲಿಯಾಗ ನಾ ಎಂಥಾ ಮನಿ ಹುಡುಗ ಅಂತ ಅಂಗಿ ನೋಡಿ ಹೇಳಾಕ ಯಾರಿಗೂ ಆಗ್ಲಿಲ್ಲ. ಏಳನೇತ್ತಕ್ಕ ಸಾಲಿ ಬಿಡಬೇಕಾತು. ನೀ ಏನು ದಣದೀ ಅಂತ ಬಿಡ್ತೀ?"

ನಾನು ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟೆ.

ಮೂರನೆಯ ದಿನ ರಾಯಚೂರಿನಲ್ಲಿ ಓದುತ್ತಿದ್ದ ಗೆಳತಿ ಫೋನು ಮಾಡಿದಳು. ಕಾಲೇಜಿನ ಬೀಳ್ಕೊಡುಗೆಗೆ ಅವಳಿಗೆ ಜಪಾನಿನ ನಿಲುವಂಗಿ, ಕಿಮೊನೊ ಬೇಕಂತೆ. ನಾನು ಒಂದು ವಿಡಿಯೋ ತೋರಿಸಿದೆ, ಕಾಕಾ ಹಾಗೇ ಹೊಲಿದರು. ಎದೆಯ ಹತ್ತಿರ ಬಲ ಅಂಚು ಮೇಲೆ ಬರುವಂತೆ ಉದ್ದಕ್ಕೂ ಹೊಲಿಗೆ ಹಾಕಿ ಭದ್ರ ಮಾಡಿದರು. ಇಸ್ತ್ರಿ ಮಾಡುವಾಗ ಮತ್ತೊಮ್ಮೆ ಅದೇ ವಿಡಿಯೋ ನೋಡಿ, "ಇವರೆಲ್ಲಾ ಎಡಗೈಲೆ ಯಾಕ ಉಣ್ಣಾಕತ್ತಾರ?" ಎಂದರು. ಹೌದಲ್ಲ! ಯಾರೋ ಕದ್ದು ಹಾಕಿದ ವಿಡಿಯೋ. ಸಿಕ್ಕಿಬೀಳಬಾರದೆಂದು ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟಿದ್ದರು. ಹುಡುಕಿ ನೋಡಿದೆ. ಅಲ್ಲಿ ಬದುಕಿರುವವರು ಎಡ ಅಂಚು ಮೇಲೆ ಬರುವಂತೆ ಉಡುತ್ತಾರೆ, ಬಲ ಅಂಚು ಮೇಲಿಡುವುದು ಹೆಣಕ್ಕೆ.

"ಅಯ್ಯಯ್ಯ, ಬಾಳಬೇಕಾದ ಹುಡುಗಿಗಿ ಹೆಣದ ಅಂಗಿ ಹೊಲಿದ್ನಲ್ಲಲೇ!" ಎಂದು ಕಾಕಾ ತಲೆ ಮೇಲೆ ಕೈ ಹೊತ್ತರು.

ನನಗೆ ಅಳುವೇ ಬಂತು. ವಿಡಿಯೋ ತೋರಿಸಿದವಳು ನಾನು. ಅವರು ಬ್ಲೇಡು ಕೊಟ್ಟು ಎದುರು ಕೂರಿಸಿಕೊಂಡರು. ಇಬ್ಬರೂ ಒಂದೊಂದೇ ಹೊಲಿಗೆ ಬಿಚ್ಚಿದೆವು. "ನಾ ನಲವತ್ತು ವರ್ಷದಿಂದ ಹೊಲೀತೀನಿ, ಇವತ್ತಿಗೂ ಬಿಚ್ಚತೀನಿ. ಅದಕ್ಕೇನು ಅಳ್ತಾರೇನು?" ಎಂದರಷ್ಟೇ. ಪರೀಕ್ಷೆಯ ಹೆಸರನ್ನೇ ಎತ್ತಲಿಲ್ಲ. ಮರುದಿನ ಹೋಗಿ ಮರುಪರೀಕ್ಷೆಯ ಅರ್ಜಿ ತುಂಬಿ ಬಂದೆ.

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ನಾನೀಗ ಕವಿತಾಳದ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಅದೂ ಇಂಗ್ಲಿಷ್. ನಗಬೇಡಿ. ಅವರ ಋಣ ಎಷ್ಟೆಂದು ಯಾರಾದರೂ ಕೇಳಿದರೆ ಮರುಪರೀಕ್ಷೆಯ ದಿನದ ಬೆಳಗನ್ನು ಹೇಳುತ್ತೇನೆ.

ಜೂನ್ ತಿಂಗಳು, ಯೂನಿಫಾರ್ಮಿನ ಸುಗ್ಗಿ. ಅಂಗಡಿಯ ಮುಂದೆ ತಾಯಂದಿರ ಸಾಲು. ನಾನು ಹೆದರಿ, ಹೋಗುವುದಿಲ್ಲವೆಂದು ಅತ್ತೆಯ ಮನೆಯ ಕಟ್ಟೆ ಹಿಡಿದು ಕೂತಿದ್ದೆ. ಕಾಕಾ ಎದ್ದು ಬಂದು ಶಟರ್ ಎಳೆದರು, ಗಾಡಿ ಚಾಲೂ ಮಾಡಿದರು. ಒಬ್ಬ ತಾಯಿ ಅಡ್ಡ ಬಂದು ರೇಗಿದಳು: "ನಾಳಿ ಸಾಲಿ ಅದ, ನಮ್ಮ ಹುಡುಗ ಏನು ಹಾಕ್ಕೊಂಡು ಹೋಗಬೇಕ್ರಿ?"

"ಬಣ್ಣದ ಅಂಗಿ ಹಾಕ್ಕೊಂಡು ಹೋಗ್ಲಿ ಬಿಡವ್ವ. ಒಂದು ದಿನ ತಡ ಆದ್ರ ನಿನ್ನ ಮಗನ ಸಾಲಿ ನಿಲ್ಲಂಗಿಲ್ಲ. ಈಕಿದು ಇವತ್ತು ನಿಂತ್ರ ನಿಂತೇಬಿಡ್ತದ" ಎಂದು ಹೇಳಿ, ನನ್ನ ಕಡೆ ತಿರುಗಿದರು. "ಏಳು, ಗಾಡಿ ಹತ್ತು."