ವಲ್ಲಿಯ ಕೆಳಗಿನ ಕೈ

ಕಾಕಾರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಸಣ್ಣವರಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋದದ್ದಂತೆ. ತುದಿಯ ಚರ್ಮ ಬಾಯಿ ಕಟ್ಟಿದ ಚೀಲದ ಹಾಗೆ ನೆರಿಗೆಗಟ್ಟಿತ್ತು. ಹುಕ್ಕೇರಿ ಕಡೆಯ ನಮ್ಮ ಬೆಲ್ಲದ ಪೇಟೆಯಲ್ಲಿ ಆ ಅರ್ಧ ಬೆರಳಿಗಿದ್ದ ಮರ್ಯಾದೆ ನನ್ನ ಇಡೀ ಕೈಗೆ ಎಂದೂ ಬರಲಿಲ್ಲ.

ಅವರು ನಮ್ಮ ತಂದೆಯ ಗೆಳೆಯರು, ಎದುರು ಮನೆಯವರು. ಹೊರಗಿನ ವ್ಯಾಪಾರಿಗಳಿಗಾಗಿ ಬೆಲ್ಲ ಖರೀದಿಸುವ ದಲಾಲರು. ಉಗುರಿನಿಂದ ಚೂರು ಕೆರೆದು ನಾಲಿಗೆಗೆ ಹಚ್ಚಿ, "ಇದು ಮೂಡಲಗಿ ಕಡೀದು, ನೀರು ಸವಳು" ಎಂದುಬಿಡುತ್ತಿದ್ದರು. ಆಗ ಪೇಟೆಯಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿಯೇ ವ್ಯವಹಾರ ಮುಗಿಸುತ್ತಿದ್ದರು. ಒಂದು ಬೆರಳು ಹೆಚ್ಚಿದರೆ ಒಂದು ರೂಪಾಯಿ; ಕಾಕಾರ ಮೊಂಡು ಬೆರಳು ತಾಗಿತೆಂದರೆ ಎಂಟಾಣೆ. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಬೆಲ್ಲ ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿದ್ದದ್ದು ಎಲ್ಲ ಮುಗಿದ ಮೇಲೆ.

ಮೆಟ್ರಿಕ್ ಮುಗಿದಾಗ ನನಗೆ ಬೇಕಾಗಿದ್ದದ್ದು ಕಾಲೇಜಲ್ಲ, ಅವರ ಅಂಗಡಿಯ ಗಾದಿಯ ಪಕ್ಕದ ಜಾಗ. ಅವರಿಗೆ ಮಕ್ಕಳಿರಲಿಲ್ಲ. ತಂದೆಯಂತೂ ನನ್ನನ್ನು ವಕೀಲನನ್ನಾಗಿ ಮಾಡುವ ಹಟದಲ್ಲಿದ್ದರು. ಕಾಕಾ ಇಬ್ಬರ ಮಾತನ್ನೂ ಕೇಳಿ, ಅಡಿಕೆ ಕತ್ತರಿಸುತ್ತ ತಂದೆಗೆ ಹೇಳಿದರು: "ಕೊಲ್ಲಾಪುರಕ್ಕ ಕಳಸ್ರಿ. ಕಾಮರ್ಸ್ ತಗೊಳ್ಳಲಿ. ಇನ್ನ ಮುಂದ ಪೇಟಿ ಹಿಂಗ ಇರಂಗಿಲ್ಲ."

"ವ್ಯಾಪಾರ ಓದಿದ್ರ ಬರತೈತೇನ್ರಿ ಕಾಕಾ?" ಎಂದೆ ಸಿಟ್ಟಿನಿಂದ.

"ಕೆಲವರಿಗೆ ಓದಲಾರದ ಬರತೈತಿ. ನಿನಗ ಓದೇ ಬರಬೇಕು."

ಆ ಮಾತಿನ ಸಿಟ್ಟಿನಲ್ಲೇ ಕೊಲ್ಲಾಪುರ ಸೇರಿದೆ. ಬ್ಯಾಂಕಿಂಗ್, ವ್ಯಾಪಾರ ಸಂಘಟನೆ, ಸಂಜೆ ಟೈಪಿಂಗ್. ಮೂರನೇ ವರ್ಷದ ದೀಪಾವಳಿ ರಜೆಗೆ ಬಂದು ನೋಡಿದರೆ ಗಾದಿಯ ಪಕ್ಕದಲ್ಲಿ ನನ್ನ ತಮ್ಮ ಕುಳಿತಿದ್ದ! ಎರಡು ಸಲ ಮೆಟ್ರಿಕ್ ನಪಾಸಾದವನು. ಕಾಕಾ ಅವನ ಕೈಯನ್ನು ವಲ್ಲಿಯ ಕೆಳಗೆ ಎಳೆದುಕೊಂಡು ಪಾಠ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳೇಕೆ ಹೇಳಲಿ, ತಮ್ಮನಿಗೆ ಜ್ವರ ಬರಲಿ ಎಂದು ಬಯಸಿದೆ.

"ನನಗೂ ಕಲಸ್ರಿ" ಎಂದು ಗಂಟುಬಿದ್ದೆ. ಕಾಕಾ ನನ್ನ ಕೈಮೇಲೆ ವಲ್ಲಿ ಹೊದಿಸಿದರು. ಎರಡು ಬೆರಳು ಒತ್ತಿದರು, ಆಮೇಲೆ ಮೂರು. ಅಷ್ಟಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡರು.

"ನಾ ಏರಿಸಿದ ಕೂಡಲೆ ನಿನ್ನ ಹುಬ್ಬು ಮ್ಯಾಲ ಹೋತು. ಕೈ ಮುಚ್ಚಾಕ ವಲ್ಲಿ ಐತಿ. ಮಾರಿ ಮುಚ್ಚಾಕ ಏನೈತಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ತಮ್ಮ ನಗಲಿಲ್ಲ. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ನಿನ್ನ ಮಾರಿ ನೋಡಿ ಮಂದಿ ನಂಬತಾರ. ಅಂಥಾ ಕೆಲಸ ಹುಡುಕು" ಎಂದು ಕಾಕಾ ಸಮಾಧಾನ ಮಾಡಿದರು. ನನಗೆ ಯಾವ ಸಮಾಧಾನವೂ ಆಗಲಿಲ್ಲ.

ನನ್ನ ಪದವಿ ಮುಗಿಯುವ ಹೊತ್ತಿಗೆ ಸರ್ಕಾರದ ಕಾಯ್ದೆ ನಮ್ಮ ಪೇಟೆಗೂ ಬಂತು. ವಲ್ಲಿಯ ವ್ಯಾಪಾರ ಬಂದ್, ಇನ್ನು ಬಹಿರಂಗ ಹರಾಜು. ಹೊಸ ಪೇಟೆ ಸಮಿತಿಗೆ ಕಾಮರ್ಸ್ ಓದಿದ ಕಾರ್ಯದರ್ಶಿ ಬೇಕಾಗಿತ್ತು. ಅರ್ಜಿ ಹಾಕಿದೆ, ಕೆಲಸ ನೋಡಿ ಕಾಯಂ ಮಾಡುತ್ತೇವೆಂದು ತೆಗೆದುಕೊಂಡರು. ರೈತರಿಗೆ ನ್ಯಾಯ ಸಿಗುತ್ತದೆಂಬ ಸಂತೋಷ ಇರಲಿಲ್ಲವೆಂದಲ್ಲ. ಆದರೆ ದಲಾಲರ ಮುಂದೆ ಆದೇಶ ಓದುವಾಗ ನಾನು ನೋಡುತ್ತಿದ್ದದ್ದು ತಮ್ಮನನ್ನು. ಕಾಕಾ ಅವನ ಕೈಗೆ ಕಲಿಸಿದ್ದೆಲ್ಲ ಇನ್ನು ಉಪಯೋಗಕ್ಕಿಲ್ಲ! ಒಂದೊಂದು ಶಬ್ದವನ್ನೂ ಬಿಡಿಸಿ ಬಿಡಿಸಿ ಓದಿದೆ.

ಮೊದಲ ಹರಾಜಿನ ದಿನ ದಲಾಲರೆಲ್ಲ ಒಗ್ಗಟ್ಟಾಗಿದ್ದರು. ಬೆಲ್ಲದ ಪೆಂಟೆಗಳ ಮುಂದೆ ನಿಂತು ನಾನು ಗಂಟಲು ಹರಿಯುವಂತೆ ಕೂಗಿದೆ. ಒಬ್ಬರೂ ಬಾಯಿ ತೆರೆಯಲಿಲ್ಲ. ರೈತರು ಮತ್ತೆ ಬಂಡಿಗೆ ಹೇರಲು ಎದ್ದರು. ಸಮಿತಿಯ ಅಧ್ಯಕ್ಷರು ನನ್ನನ್ನೇ ದುರುಗುಟ್ಟಿ ನೋಡಿದರು. ಹರಾಜು ನಡೆಯದಿದ್ದರೆ ನನ್ನ ನೌಕರಿ ಅಂದಿಗೇ ಮುಗಿಯುತ್ತಿತ್ತು.

"ಹದಿನಾರು ರೂಪಾಯಿ!"

ಎಂದೂ ದರ ಕೂಗಿ ಗೊತ್ತಿಲ್ಲದ ದನಿ, ನಡುಗುತ್ತಿತ್ತು. ಕಾಕಾ! ಉಳಿದ ದಲಾಲರು ಕೆಂಗಣ್ಣು ಬಿಟ್ಟರು. ಒಬ್ಬರು ಅವರ ತೋಳು ಹಿಡಿದು ಜಗ್ಗಿದರು. ಕಾಕಾ ತೋಳು ಬಿಡಿಸಿಕೊಂಡು ಇನ್ನೊಮ್ಮೆ ಕೂಗಿದರು. ಒಳ್ಳೆಯ ಬೆಲ್ಲ ಕೈತಪ್ಪುವುದನ್ನು ನೋಡಲಾರದೆ ಇನ್ನೊಬ್ಬರು ಎಂಟಾಣೆ ಏರಿಸಿದರು, ಮತ್ತೊಬ್ಬರು ಅದರ ಮೇಲೆ. ಮಧ್ಯಾಹ್ನದೊಳಗೆ ಎಲ್ಲ ಮಾರಿಹೋಯಿತು.

ಕಣ್ಣು ತುಂಬಿ ಕಾಕಾರ ಕಡೆ ನೋಡಿದೆ. ಅವರು ತಮ್ಮನ ಕಡೆ ನೋಡುತ್ತಿದ್ದರು, ಹೇಗಿತ್ತು ಎಂದು ಕೇಳುವವರಂತೆ. ಅಂಥ ಉಪಕಾರದ ಗಳಿಗೆಯಲ್ಲೂ ನನಗೆ ಚುಚ್ಚಿದ್ದು ಅದೇ.

ಹೋಗುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು: "ಈಗರ ಹೊಟ್ಟಿ ತಣ್ಣಗಾತೇನಪಾ?"

ಎಷ್ಟು ದಿನದಿಂದ ತಿಳಿದಿತ್ತೋ ಅವರಿಗೆ. ನಾನು ಹರಾಜಿನ ಪುಸ್ತಕ ತೆರೆದು ದರ ಬರೆಯತೊಡಗಿದೆ.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಆ ನೌಕರಿಯಿಂದಲೇ ನನ್ನ ಮನೆ ನಡೆದಿದೆ, ಮಕ್ಕಳು ಓದಿದ್ದಾರೆ. ಅದು ಅವರು ಉಳಿಸಿಕೊಟ್ಟದ್ದು. ಅಂತ್ಯಕ್ರಿಯೆಯ ದಿನ ಮಗನ ಜಾಗದಲ್ಲಿ ನಿಂತು ಎಲ್ಲ ಮಾಡಿದವನು ತಮ್ಮ. ನಾನು ಮಂದಿಯ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದೆ. ಕಾಕಾರಿಗೆ ಕೊಡದೆ ಉಳಿದ ಉತ್ತರವನ್ನು ಆಗ ಮನಸ್ಸಿನಲ್ಲೇ ಹೇಳಿದೆ: ಇಲ್ಲರಿ ಕಾಕಾ, ಇನ್ನೂ ತಣ್ಣಗಾಗಿಲ್ಲ.