ಮೂರು ನಿಮಿಷದ ಆರ್ವಿಲ್

ಶಾಲಾ ಮಂಡಳಿಯ ಸಭೆಯಲ್ಲಿ ಊರವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದೆಂದು ನಿಯಮ ಮಾಡಿದ ಪುಣ್ಯಾತ್ಮನನ್ನು ಅಧ್ಯಕ್ಷೆ ಮರ್ಲೀನ್ ಪ್ರತಿ ತಿಂಗಳೂ ಮನಸ್ಸಿನಲ್ಲೇ ಶಪಿಸುತ್ತಿದ್ದಳು. ಕಾರಣ, ಮುದುಕ ಆರ್ವಿಲ್ ಸ್ಟೆಂಗೆಲ್. ಓಹಾಯೋದ ಆ ಸಣ್ಣ ಊರಿನಲ್ಲಿ ಶಾಲೆ ನಡೆಯುವುದೇ ಮನೆ ತೆರಿಗೆಯಿಂದ, ತೆರಿಗೆ ಏರಬೇಕಾದರೆ ಊರೇ ಓಟು ಹಾಕಬೇಕು. ಅದು ಏರದಂತೆ ನೋಡಿಕೊಳ್ಳುವುದು ಆರ್ವಿಲ್ ಹಿಡಿದ ವ್ರತ. ಮಂಡಳಿಯವರ ಬಿಸ್ಕತ್ತನ್ನು ಎರಡೂ ಜೇಬಿಗೆ ತುಂಬಿಕೊಂಡು ಮೈಕಿನ ಮುಂದೆ ನಿಂತು, "ಮಕ್ಕಳು ಮರಿ ಇಲ್ದೋನು ನಾನು, ಒಂದು ಸೆಂಟೂ ಕೊಡಲ್ಲ ಮರ್ಲೀನ್! ನಮ್ಮ ಕಾಲದಲ್ಲೂ ಶಾಲೆ ಸೋರ್ತಿತ್ತು, ನಾವೇನು ಕರಗಿಹೋದ್ವಾ?" ಅನ್ನುತ್ತಿದ್ದ. ಮೂರು ನಿಮಿಷ ಮುಗಿಯಿತೆಂದು ಅವಳು ಗಂಟೆ ಬಾರಿಸಿದರೆ, "ಆ ಗಂಟೆನೂ ನನ್ನ ದುಡ್ಡಿಂದೇ!" ಅಂತ ಇನ್ನೊಂದು ನಿಮಿಷ ಎಳೆಯುತ್ತಿದ್ದ. ಈ ವರ್ಷ ರಾಜ್ಯದವರು ಪರೀಕ್ಷೆಯ ಫಲ ನೋಡಿ ಊರಿನ ಶಾಲೆಗಳಿಗೆ ಐದು ನಕ್ಷತ್ರದಲ್ಲಿ ಎರಡೇ ಕೊಟ್ಟರು. ಪಕ್ಕದೂರಿನ ಕ್ಷೌರಿಕ ಕತ್ತರಿ ಆಡಿಸುತ್ತಾ, "ಏನ್ ತಾತ, ನಿಮ್ಮೂರ ಮಕ್ಕಳು ಅಷ್ಟು ದಡ್ಡರಾ?" ಎಂದು ನಕ್ಕನಂತೆ. "ನಮ್ಮ ಮಕ್ಕಳನ್ನ ಬಯ್ಯೋಕೆ ನಾನಿದೀನಿ, ನೀನ್ಯಾವನಯ್ಯ?" ಎಂದು ಆರ್ವಿಲ್ ಅರ್ಧ ಕ್ಷೌರದಲ್ಲೇ ಕುರ್ಚಿಯಿಂದ ಎದ್ದು ಬಂದನಂತೆ. ಸುದ್ದಿ ಮರ್ಲೀನ್ ಕಿವಿಗೂ ಬಿತ್ತು. ಸೋಮವಾರದ ಸಭೆಯಲ್ಲಿ ಅವನು ಅರ್ಧ ಬೋಳು, ಅರ್ಧ ಪೊದೆಯಾದ ತಲೆ ಹೊತ್ತು ಮೈಕಿನ ಮುಂದೆ ನಿಂತು, "ಒಂದು ಸೆಂಟೂ ಕೊಡಲ್ಲ" ಎಂದು ಶುರುಮಾಡಿದ. ಇವತ್ತು ಎಷ್ಟು ಹೊತ್ತು ಬೇಕಾದರೂ ಬಯ್ಯಲಿ ಎಂದು ಮರ್ಲೀನ್ ಗಂಟೆಯನ್ನು ಎತ್ತಿ ಮೇಜಿನ ಡ್ರಾಯರಿನೊಳಗೆ ಇಟ್ಟುಬಿಟ್ಟಳು.