ಮನೆ ಒಂದು, ಒಲೆ ಎರಡು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದ ನೆರೆಮನೆಯಾಕೆ, ಮಗಳನ್ನು ಶಿಶುವಿಹಾರದಲ್ಲಿ ಬಿಡಲು ಶುಲ್ಕ ವಿನಾಯಿತಿಯ ಅರ್ಜಿಯನ್ನು ನನ್ನಿಂದ ಬರೆಯಿಸಿದಳು. ‘ಮನೆಯ ಆದಾಯ’ ಎಂಬಲ್ಲಿ ನಾನು ಅದೇ ಸೂರಿನಡಿಯಿದ್ದ ಆಕೆಯ ಮೈದುನನ ಕಂಡಕ್ಟರ್ ಸಂಬಳವನ್ನೂ ಸೇರಿಸಿ, ಕಾಗುಣಿತವನ್ನು ಎರಡು ಬಾರಿ ಪರಿಶೀಲಿಸಿದೆ. ಆದಾಯ ಮಿತಿ ಮೀರಿದೆಯೆಂದು ಅರ್ಜಿ ಮರಳಿತು.

“ಅಕ್ಕಾರ, ಅವನ ಪಗಾರ ಯಾಕ ಕೂಡಿಸಿದ್ರಿ? ಮನಿ ಒಂದ ಐತಿ, ಒಲಿ ಎರಡ ಅದಾವ್ರಿ!” ಎಂದಳು ಆಕೆ.

ಹಾಗಾದರೆ ‘ಮನೆ’ ಎಂಬ ಪದದ ಅರ್ಥವೇನೆಂಬ ಕುತೂಹಲ ನನ್ನನ್ನು ಶಿಶುವಿಹಾರದ ಕಚೇರಿಗೇ ಕರೆದೊಯ್ದಿತು. ಗುಮಾಸ್ತರು ನಕ್ಕರು: “ಒಲಿ ಬ್ಯಾರೆ ಇದ್ರ ಮನೀನೂ ಬ್ಯಾರೇರಿ ಅಕ್ಕಾರ. ಸಾಲಿ ಕಲಿಸಿದವ್ರು, ಇಷ್ಟೂ ಗೊತ್ತಿಲ್ಲೇನ್ರಿ?”

ಮೈದುನನ ಸಂಬಳವನ್ನು ಕೈಬಿಟ್ಟು, ಒಲೆ ಪ್ರತ್ಯೇಕವೆಂದು ನಮೂದಿಸಿ ಮತ್ತೆ ಬರೆದೆ. ವಿನಾಯಿತಿ ಸಿಕ್ಕು ಮಗು ಶಿಶುವಿಹಾರ ಸೇರಿದ ದಿನ, ನಾನು ನಿಘಂಟಿನಲ್ಲಿ ‘ಮನೆ’ಯನ್ನು ತೆರೆದು ನೋಡಿದೆ. ಅಲ್ಲಿ ಒಲೆಯೇ ಇರಲಿಲ್ಲ.